ಸಾವಿನ ಮನೆಯ ಒಲೆ

ಗಂಡ ಸತ್ತ ದಿನವೇ ನೀವೆಸ್ ಒಲೆ ಹಚ್ಚಿದಳು ಎಂದು ಸಾಕ್ಷಿಯೊಬ್ಬರು ಕೋರ್ಟಿನಲ್ಲಿ ಹೇಳಿದಾಗ ನನಗೆ ಮೈ ಉರಿಯಿತು. ದಕ್ಷಿಣ ಇಟಲಿಯ ನಮ್ಮ ಪೊಟೆಂಜಾದಲ್ಲಿ ಸಾವಿನ ಮನೆಯಲ್ಲಿ ಅಡುಗೆ ಮಾಡುವುದಿಲ್ಲ. ಅಕ್ಕಪಕ್ಕದವರೇ ಸಾರು, ಬ್ರೆಡ್ಡು ತಂದು ಬಲವಂತವಾಗಿ ತಿನ್ನಿಸುತ್ತಾರೆ. ಇವಳು ಟೊಮ್ಯಾಟೊ ಸಾಸ್ ಕುದಿಸಿದಳಂತೆ, ಓಣಿಗೆಲ್ಲ ವಾಸನೆ ಬಂತಂತೆ.

ನಾನು ಬಟ್ಟೆ ಹೊಲಿಯುವವಳು. ಚೀಟಿ ಎತ್ತಿದಾಗ ಹೆಸರು ಬಂತು. ಈ ಕೊಲೆ ಮೊಕದ್ದಮೆಯಲ್ಲಿ ಇಬ್ಬರು ನ್ಯಾಯಾಧೀಶರ ಜೊತೆ ಕೂತ ಆರು ಸಾಮಾನ್ಯರಲ್ಲಿ ಒಬ್ಬಳಾದೆ. ಹೆಗಲಿಗೆ ದೇಶದ ಬಾವುಟದ ಮೂರು ಬಣ್ಣದ ಪಟ್ಟಿ ಹಾಕಿದರು. ತಲೆಯೊಳಕ್ಕೆ ಏನೂ ಹಾಕಲಿಲ್ಲ.

ನೀವೆಸ್ ಉತ್ತರದ ಕಡೆಯವಳು, ದೊನಾತೊನನ್ನು ಮದುವೆಯಾಗಿ ಬಂದವಳು. ಅವನು ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದು ಸತ್ತ. ಕುಡಿದು ಜಾರಿದ ಎಂದು ಅವಳು, ತಳ್ಳಿದಳು ಎಂದು ಅವನ ತಾಯಿ. ಜಗಳ ಕೇಳಿದವರಿದ್ದರು, ಕಣ್ಣಾರೆ ಕಂಡವರಿರಲಿಲ್ಲ. ತಾಯಿ ದಿನವೂ ಮುಂದಿನ ಬೆಂಚಿನಲ್ಲಿ ಅಳುತ್ತಿದ್ದಳು.

"ಸೊಸೆ ಕಣ್ಣಲ್ಲಿ ಒಂದು ಹನಿ ಇಲ್ಲ! ನಮ್ಮ ನಾಯಿ ಸತ್ತಾಗ ನಾನು ಊಟಾನೇ ಬಿಟ್ಟಿದ್ದೆ," ಎಂದ ವೀತೊ, ಬಸ್ಸು ಓಡಿಸಿ ನಿವೃತ್ತನಾದವನು. ಬಾಗಿಲು ಮುಚ್ಚಿ ಎಂಟೂ ಜನ ಚರ್ಚೆಗೆ ಕೂತಿದ್ದೆವು.

"ನಿನ್ನ ಹೊಟ್ಟೆ ನೋಡಿದ್ರೆ ಹಾಗನ್ಸಲ್ಲ ಬಿಡಪ್ಪ," ಎಂದೆ.

"ನೀನೇ ಹೇಳು ಅಸ್ಸುಂತಕ್ಕಾ, ನಿನ್ನ ಗಂಡ ಹೋದಾಗ ಸಾಸ್ ಕುದಿಸಿದ್ಯಾ?"

"ನಾನ್ಯಾಕೆ ಕುದಿಸ್ಲಿ? ಜನ ತಂದಿದ್ದನ್ನ ತಿನ್ನೋರೇ ಇರ್ಲಿಲ್ಲ."

"ಅವಳಿಗೆ ಯಾರು ತಂದ್ರು?" ಎಂದಳು ಮಿಕೇಲಾ, ಔಷಧಿ ಅಂಗಡಿಯವಳು, ನಮ್ಮಲ್ಲೆಲ್ಲ ಚಿಕ್ಕವಳು.

ಯಾರೂ ತಂದಿರಲಿಲ್ಲ. ಸಾಕ್ಷಿಗಳ ಮಾತಿನಲ್ಲೇ ಅದಿತ್ತು, ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಸಾರೆಲ್ಲ ದೊನಾತೊನ ತಾಯಿಯ ಮನೆಗೆ ಹೋಗಿತ್ತು. ನೀವೆಸ್ ಮನೆಯಲ್ಲಿ ಪುಟ್ಟ ಮಗಳಿದ್ದಳು.

ನನಗೆ ನಾಚಿಕೆಯಾಯಿತು. ಹಿಂದೆಯೇ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ಮಗು ಹಸಿದಿತ್ತು ಅಂದ್ರೆ ಇವಳು ತಳ್ಳಿಲ್ಲ ಅಂತಾಯ್ತಾ?" ಎಂದ ವೀತೊ. ಅದೂ ಸರಿ ಎನ್ನಿಸಿತು.

"ಒಲೆ ವಿಷಯ ಬಿಡಿ," ಎಂದರು ಹಿರಿಯ ನ್ಯಾಯಾಧೀಶರು. "ತಳ್ಳಿದ್ದಕ್ಕೆ ಸಾಕ್ಷಿ ಸಾಕಾ, ಅಷ್ಟು ಹೇಳಿ."

ಒಲೆ ವಿಷಯ ಬಿಡುವುದು ಹೇಳಿದಷ್ಟು ಸುಲಭವೇ? ತಾಯಿಯ ಮುಖ ನೆನೆದರೆ ನೀವೆಸ್ ಕೊಲೆಗಾತಿ. ಮಗುವನ್ನು ನೆನೆದರೆ ಅಮಾಯಕಿ. ಮೆಟ್ಟಿಲನ್ನು ನೆನೆಯಲು ಹೋದರೆ ಏನೂ ಕಾಣುತ್ತಿರಲಿಲ್ಲ.

ವಯಸ್ಸಿನಲ್ಲಿ ಚಿಕ್ಕವರಿಂದ ಶುರುಮಾಡಿ ಮತ ಕೇಳುವುದು ಪದ್ಧತಿ, ನ್ಯಾಯಾಧೀಶರದು ಕೊನೆಗೆ. ಆರು ಜನರಲ್ಲಿ ಹಿರಿಯಳಾದ ನನ್ನ ಸರದಿ ಬಂದಾಗ ಮೂವರು ತಪ್ಪಿತಸ್ಥೆ ಎಂದಿದ್ದರು, ಇಬ್ಬರು ಅಲ್ಲ ಎಂದಿದ್ದರು. "ಅಲ್ಲ," ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ನ್ಯಾಯಾಧೀಶರಿಬ್ಬರೂ ಒಂದೊಂದು ಕಡೆಯಾದರು. ಮತ ಸಮವಾದರೆ ಆರೋಪಿಯನ್ನು ಬಿಡಬೇಕು. ಬಿಟ್ಟೆವು.

ತೀರ್ಪು ಓದುವಾಗ ನೀವೆಸ್ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ನಿನಗೂ ಮಕ್ಕಳಿದಾವೇನಮ್ಮಾ?" ಎಂದಳು.

ಮನೆಗೆ ಬಂದು ಕೋಳಿ ಸಾರು ಮಾಡಿದೆ. ಸಾಕ್ಷಿ ಸಾಲದೆಂದು ಬಿಟ್ಟೆನೋ, ಯಾರೂ ಕೊಡದ ಆ ಊಟಕ್ಕಾಗಿ ಬಿಟ್ಟೆನೋ, ನನಗೆ ಗೊತ್ತಿಲ್ಲ. ಪಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಗುಡ್ಡದ ಮೇಲಕ್ಕೆ ಹೋಗುವ ಬಸ್ಸು ನೀವೆಸ್ ಮನೆ ಕಡೆಗೆ, ಕೆಳಕ್ಕೆ ಹೋಗುವುದು ತಾಯಿಯ ಮನೆ ಕಡೆಗೆ. ಎರಡೂ ಬಂದು ಹೋದವು. ಮಡಿಲಲ್ಲೇ ಸಾರು ತಣ್ಣಗಾಯಿತು.