ಕಾಸಿಂಸಾಬ ಮಾಸ್ತರರ ಅಳತೆ

ಕಾಸಿಂಸಾಬ ಮಾಸ್ತರರ ಐವತ್ತು ಎಂದರೆ ಅರವತ್ತಕ್ಕೆ ಒಂದೂ ಕಡಿಮೆ ಇರುತ್ತಿರಲಿಲ್ಲ. ಮೈದಾನದಲ್ಲಿ ಮಕ್ಕಳನ್ನು ಕುಳಿತೇಳುವ ಬೈಠಕಿಗೆ ನಿಲ್ಲಿಸಿ, ಎದೆ ಸೆಟೆಸಿ, ಕಣ್ಣು ಅರೆಮುಚ್ಚಿ ಅವರು ಎಣಿಸತೊಡಗಿದರೆ ನಲವತ್ತೇಳು, ನಲವತ್ತೆಂಟರವರೆಗೆ ಲೆಕ್ಕ ನೆಟ್ಟಗೆ ನಡೆಯುತ್ತಿತ್ತು; ಅಲ್ಲಿಗೆ ಬಂದದ್ದೇ ತಡ, ಏನೋ ನೆನಪಾದವರ ಹಾಗೆ ಒಂದು ಗಳಿಗೆ ತಡೆದು, ಸ್ವಲ್ಪವೂ ನಾಚದೆ ಮತ್ತೆ ಮೂವತ್ತೆಂಟರಿಂದ ಹಿಡಿಯುತ್ತಿದ್ದರು. "ಸರ್, ಆಗ್ಲೇ ಆತ್ರಿ" ಎಂದು ಯಾರಾದರೂ ಏದುಸಿರಿನಲ್ಲಿ ನೆನಪಿಸಿದರೆ, "ಎಣಸಾಂವ ನಾನೋ, ನೀನೋ?" ಎಂಬ ಒಂದೇ ಮಾತು. ಮೂವತ್ತು ವರ್ಷ ಸಿಂದಗಿಯ ನಮ್ಮ ಕಾಲೇಜಿನ ಮಕ್ಕಳು ಹೀಗೆ ಬೆವರಿದರು, ಬೈದುಕೊಂಡರು, ಆಮೇಲೆ ಪೊಲೀಸರಾಗಿ, ಸೈನಿಕರಾಗಿ ಪೇಡೆಯ ಡಬ್ಬಿ ಹಿಡಿದು ಬಂದು ಅವರ ಕಾಲಿಗೆ ಬಿದ್ದು ಹೋದರು.

ನಾನು ಅದೇ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ನನ್ನ ಪ್ರಯೋಗಶಾಲೆಯ ಕಿಟಕಿ ಮೈದಾನಕ್ಕೆ ತೆರೆದಿದ್ದುದರಿಂದ, ಕಪ್ಪೆಯ ಹೃದಯದ ಚಿತ್ರ ಬರೆಸುತ್ತಲೇ ಅವರ ನಡಿಗೆಯನ್ನು ನಾನು ಸಾವಿರ ಸಲ ನೋಡಿರಬೇಕು. ಎಡಗಾಲಿನ ಮಂಡಿ ಮಡಚುತ್ತಿರಲಿಲ್ಲ. ಆದರೂ ಹಿಮ್ಮಡಿ ಊರದೆ ತುದಿಗಾಲಿನಲ್ಲೇ, ಕಾದ ನೆಲದ ಮೇಲೆ ನಡೆಯುವವರ ಹಾಗೆ ಅವಸರದಿಂದ ಓಡಾಡುತ್ತಿದ್ದರು. ಮೈಮೇಲೆ ಸದಾ ಅದೇ ನೀಲಿ ಜಾಕೀಟು. ತಾರುಣ್ಯದಲ್ಲಿ ವಿಶ್ವವಿದ್ಯಾಲಯದ ತಂಡದಲ್ಲಿ ಸೈಕಲ್ ಹೊಡೆದಾಗ ಕೊಟ್ಟದ್ದು; ಬೆನ್ನ ಮೇಲಿನ ಅಕ್ಷರಗಳು ಸವೆದು, ಯಾವ ವಿಶ್ವವಿದ್ಯಾಲಯವೆಂದು ಊಹಿಸಬೇಕಾದ ಸ್ಥಿತಿಗೆ ಬಂದಿತ್ತು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲೂ ಅದರ ಜಿಪ್ಪು ಗದ್ದದವರೆಗೆ ಏರಿರುತ್ತಿತ್ತು. ಸೆಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆ, "ಆಗ್ಲಿ ಬಿಡ್ರಿ, ಮೈಗೆ ರೂಢಿ ಆಗಬೇಕು" ಎನ್ನುತ್ತಿದ್ದರು.

ಆ ಜಾಕೀಟಿನ ಕಾಲದಲ್ಲಿ ಒಂದು ದೊಡ್ಡ ಪಂದ್ಯದಲ್ಲಿ ಅವರು ಒಂದೇ ಒಂದು ಗಾಲಿಯ ಅಂತರದಿಂದ ಸೋತಿದ್ದರಂತೆ. ಹಿಂದಿನ ವಾರ ಜ್ವರ ಬಂದು ಎರಡು ದಿನ ಮಲಗಿದ್ದರು. ಆ ಎರಡು ದಿನ ಏಳದಿದ್ದುದೇ ಸೋಲಿಗೆ ಕಾರಣವೆಂದು ಅವತ್ತೇ ತೀರ್ಮಾನಿಸಿಬಿಟ್ಟರು. ಅಂದಿನಿಂದ ವಿಶ್ರಾಂತಿ ಎಂಬ ಶಬ್ದ ಅವರ ಪಾಲಿಗೆ ಮೈಗಳ್ಳತನದ ಮರ್ಯಾದೆಯ ಹೆಸರಾಯಿತು. ಆ ಮೊಂಡು ಮಂಡಿಯೂ ಆ ತೀರ್ಮಾನದ ಫಲವೇ ಇರಬೇಕು. ಅದರ ಮಾತು ತೆಗೆದರೆ ಮಾತ್ರ ಅವರು ವಿಷಯ ಬದಲಿಸುತ್ತಿದ್ದರು.

ಅವರ ಹಠಗಳಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ನೂಲಿನ ಅಳತೆ. ಸೈಕಲ್ ಪಂದ್ಯಕ್ಕೆ ತಯಾರಾಗುವ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಕರಿ ಉಣ್ಣೆಯ ನೂಲು ಆಟದ ಸಾಮಾನಿನ ಕೋಣೆಯ ಮೊಳೆಗಳಿಗೆ ತೂಗುತ್ತಿತ್ತು. ಭಾನುವಾರಕ್ಕೊಮ್ಮೆ ತೊಡೆಯ ಸುತ್ತಳತೆ ತೆಗೆದು, ಬೆಳೆದಷ್ಟಕ್ಕೆ ಗಂಟು ಹಾಕುವುದು. ಹೆಣ್ಣುಮಕ್ಕಳ ಮೈಗೆ ಕೈ ಹಚ್ಚಬಾರದೆಂಬುದು ಅವರ ಕಟ್ಟುನಿಟ್ಟಿನ ನೇಮ. ಹುಡುಗಿಯರ ನೂಲು ತಾಯಂದಿರ ಕೈಗೆ ಹೋಗಿ, ಮನೆಯಲ್ಲೇ ಅಳತೆಯಾಗಿ, ಗಂಟು ಬಿದ್ದು ಸೋಮವಾರ ಮರಳಿ ಬರುತ್ತಿತ್ತು. ಹೀಗಾಗಿ ಗಂಡುಮಕ್ಕಳ ಕಾಲನ್ನು ಅವರು ಮುಟ್ಟಿ ನೋಡುತ್ತಿದ್ದರು, ಹೆಣ್ಣುಮಕ್ಕಳದು ಬರಿಯ ನೂಲನ್ನು.

ಭಾಗ್ಯಜ್ಯೋತಿ ಆಲಮೇಲದ ಹುಡುಗಿ. ತಂದೆ ಇಲ್ಲ; ತಾಯಿ ಸಿದ್ದವ್ವ ಊರಿನ ಹೆಂಗಸರಿಗೆ ಕುಪ್ಪಸ ಹೊಲಿದು ಮನೆ ನಡೆಸುವವಳು. ಮಗಳನ್ನು ಮೊದಲ ದಿನ ಕರೆದುಕೊಂಡು ಬಂದಾಗ ನಾನೂ ಅಲ್ಲಿದ್ದೆ. ಸಿದ್ದವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಮಾಸ್ತರ್ರ, ಇಕೀನ್ನ ನಿಮ್ಮ ಉಡ್ಯಾಗ ಹಾಕೇನ್ರಿ. ಬಡೀರಿ, ಬೈರಿ, ಒಟ್ಟ ಒಂದ್ ದಾರಿಗೆ ಹಚ್ಚರಿ" ಎಂದಳು. ಮಾಸ್ತರರು ತಮ್ಮ ವಯಸ್ಸಿಗೆ ಸಲ್ಲದಷ್ಟು ಸಂಕೋಚಪಟ್ಟು, "ನನ್ನ ಮಗಳಿದ್ದಂಗ ಬಿಡವಾ" ಎಂದರು. ಅದು ಬಾಯಿಮಾತಾಗಿರಲಿಲ್ಲ. ಎರಡು ವರ್ಷ ಆ ಹುಡುಗಿಯ ಹಿಂದೆ ಅವರು ಬಿಸಿಲೆನ್ನದೆ ಮೋಟರ್ ಸೈಕಲ್ ಓಡಿಸಿದರು, ಮನೆಯಾಕೆ ಶಮ್ಶುನ್ನೀಸಾ ಅವರಿಂದ ಅವಳಿಗೆಂದೇ ಶೇಂಗಾದ ಉಂಡಿ ಕಟ್ಟಿಸಿದರು.

ಅವಳು ಸೈಕಲ್ ಓಡಿಸುತ್ತಿದ್ದಳಲ್ಲ, ಅದು ನೋಡುವಂಥದ್ದು. ಆಲಮೇಲದಿಂದ ಸಿಂದಗಿಗೆ ಬಸ್ಸು ಬರುವಷ್ಟರಲ್ಲಿ ತಾನೂ ಬಂದು ನಿಂತು, ಡ್ರೈವರಿಗೆ ಕೈ ಬೀಸುತ್ತಿದ್ದಳು.

ಪಿ.ಯು. ಎರಡನೆಯ ವರ್ಷದ ಪರೀಕ್ಷೆಗೆಂದು ಅವಳು ಆರು ವಾರ ಸೈಕಲ್ ಮುಟ್ಟಲಿಲ್ಲ. ಪರೀಕ್ಷೆ ಮುಗಿದ ಎರಡು ವಾರಕ್ಕೆ ಬಸವನ ಬಾಗೇವಾಡಿಯಲ್ಲಿ ಆಯ್ಕೆಯ ಪಂದ್ಯ. ಆರು ವಾರದ ಬಾಕಿಯನ್ನು ಎರಡು ವಾರದಲ್ಲಿ ತುಂಬಿಸಲು ಮಾಸ್ತರರು ಹೊರಟರು. ಒಂದು ಗುರುವಾರ ಅವಳಿಂದ ಐನೂರು ಬೈಠಕ್ ತೆಗೆಸಿದರು (ಅವರ ಐನೂರು ಎಷ್ಟಿರಬಹುದೋ ನೀವೇ ಲೆಕ್ಕ ಹಾಕಿ), ಆಮೇಲೆ ಸುಡುವ ಬಿಸಿಲಿನಲ್ಲಿ ಆಲಮೇಲದ ರಸ್ತೆಗೆ ಬಿಟ್ಟರು.

ಸೋಮವಾರ ಬೆಳಗ್ಗೆ ನೂಲು ಬಂತು. ಮಾಸ್ತರರು ಅದನ್ನು ಹಿಡಿದುಕೊಂಡೇ ನಮ್ಮ ಅಧ್ಯಾಪಕರ ಕೋಣೆಗೆ ನುಗ್ಗಿದರು. ಅಂಥ ಸಂತೋಷವನ್ನು ನಾನು ಅವರ ಮುಖದಲ್ಲಿ ಮತ್ತೆ ಕಾಣಲಿಲ್ಲ. "ನೋಡ್ರಿ ಸರ, ಎರಡ ಬೆರಳ! ಸಿದ್ದವ್ವನ ಅಳತಿ, ತಪ್ಪೂದಿಲ್ಲ. ನಾಕ ದಿನದಾಗ ಎರಡ ಬೆರಳ ಮೈ ತುಂಬೈತಿ."

ಸಿದ್ದವ್ವನ ಅಳತೆ ತಪ್ಪಿರಲಿಲ್ಲ. ತಪ್ಪಿದ್ದು ಅರ್ಥ. ಮೈಮುರಿದು ದುಡಿಯುವಾಗ ಸ್ನಾಯು ಹತ್ತಾರು ಪಟ್ಟು ಪ್ರಾಣವಾಯುವನ್ನು ಎಳೆದುಕೊಳ್ಳುತ್ತದೆ. ಅದರಲ್ಲಿ ಒಂದಿಷ್ಟು ದಾರಿ ತಪ್ಪಿ ಉಗ್ರವಾಗಿ, ಸ್ನಾಯುವಿನ ಎಳೆಗಳನ್ನೇ ಸುಡುತ್ತದೆ. ಉತ್ಕರ್ಷಣದ ಒತ್ತಡವೆಂದು ನಾವು ಪಾಠದಲ್ಲಿ ಹೇಳುವುದು ಇದನ್ನೇ. ಸುಟ್ಟದ್ದನ್ನು, ಹರಿದದ್ದನ್ನು ರಿಪೇರಿ ಮಾಡಲು ರಕ್ತ ಧಾವಿಸುತ್ತದೆ. ಆ ಜಾಗ ಬಿಸಿಯಾಗುತ್ತದೆ, ನೋಯುತ್ತದೆ, ಬಾತುಕೊಳ್ಳುತ್ತದೆ. ಇದು ರೋಗವಲ್ಲ; ಹದದಲ್ಲಿದ್ದರೆ, ನಡುವೆ ಬಿಡುವು ಸಿಕ್ಕರೆ, ಶಕ್ತಿ ಬರುವುದೇ ಈ ದಾರಿಯಿಂದ. ಹಂಚಿನ ಕೆಳಗಿನ ಉರಿಯೂ ಹಾಗೆಯೇ. ರೊಟ್ಟಿ ಬೇಯುವುದೂ ಅದರಿಂದ, ಸೀಯುವುದೂ ಅದರಿಂದ. ಬಿಡುವಿಲ್ಲದೆ ಉರಿ ಏರಿಸುತ್ತ ಹೋದರೆ ಒಡೆದ ಸ್ನಾಯುವಿನ ಕೆಂಪು ಸತ್ವ ರಕ್ತಕ್ಕೆ ಸೋರಿ, ಮೂತ್ರಪಿಂಡಗಳನ್ನು ಕಟ್ಟಿಬಿಡುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಲ್ಲಿ ಒಂದು ಚೂರನ್ನು ಹೇಳಿದೆ: "ನಾಕ ದಿನದಾಗ ಮೈ ಬೆಳಿಯೂದಿಲ್ಲ ಮಾಸ್ತರ್ರ. ಅದು ಬಾವು ಇರಬೇಕು."

"ಸರ, ನೀವು ಭಾಳ ಓದೀರಿ," ಎಂದರು ಅವರು, "ಆದ್ರ ಸೈಕಲ್ ಹೊಡದಿಲ್ಲ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರ ಹಿಗ್ಗಿಗೆ ಕಲ್ಲು ಹಾಕಲು ಮನಸ್ಸಾಗಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾಲ್ಕು ಜನರ ಮುಂದೆ ವಾದಿಸಲು ಬೇಸರವಾಗಿತ್ತು. ಆ ಹುಡುಗಿಯನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಶನಿವಾರದಿಂದಲೇ ಅವಳ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ತಾಯಿಗೆ ಹೇಳಿದ್ದಳು, ಸಿದ್ದವ್ವ ಅದನ್ನು ಉಷ್ಣವೆಂದು ತಿಳಿದು ನೆತ್ತಿಗೆ ಔಡಲೆಣ್ಣೆ ಒತ್ತಿ, ಮಜ್ಜಿಗೆ ಕುಡಿಸಿ ಕಳಿಸಿದ್ದಳು. ಗಂಡು ಮಾಸ್ತರರ ಮುಂದೆ ಇದನ್ನು ಬಿಡಿಸಿ ಹೇಳಲು ನಾಚಿ ಅವಳು, "ಸರ್, ಭಾಳ ಉಷ್ಣ ಆಗೇತ್ರಿ, ಕಾಲು ಎತ್ತಾಕ ಆಗವಲ್ತು" ಎಂದಷ್ಟೇ ಅಂದಳಂತೆ. "ಬ್ಯಾನಿ ಬಂದ್ರ ಮೈ ಎಚ್ಚರಾಗೇತಿ ಅಂತ ತಿಳೀಬೇಕವಾ" ಎಂದು ಅವರು ಆ ಸೋಮವಾರವೂ ಅವಳನ್ನು ರಸ್ತೆಗೆ ಕಳಿಸಿದರು. ಮಂಗಳವಾರ ಅವಳು ವಾಂತಿ ಮಾಡಿಕೊಳ್ಳುತ್ತ ಹಾಸಿಗೆ ಹಿಡಿದಳು. ಸಂಜೆಯ ಹೊತ್ತಿಗೆ ಮೂತ್ರ ನಿಂತೇಹೋಗಿತ್ತು.

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಐದು ಸಲ ಡಯಾಲಿಸಿಸ್ ಆಯಿತು. ಮಾಸ್ತರರು ಅಲ್ಲಿಂದ ಕದಲಲಿಲ್ಲ. ವೈದ್ಯರು ಎಲ್ಲವನ್ನೂ ವಿವರಿಸಿ ಹೋದ ಮೇಲೆ ಮೊಗಸಾಲೆಯಲ್ಲಿ ನನ್ನ ಹತ್ತಿರ ಬಂದು, "ಸರ, ನೀವು ಅವತ್ತ ಬಾವು ಅಂದದ್ದು ಇದನ್ನ ಏನ್ರಿ?" ಎಂದು ಕೇಳಿದರು.

ಹೌದೆಂದೆ.

"ಮತ್ತ ನನ್ನ ಕೊಳ್ಳಪಟ್ಟಿ ಹಿಡದು ಯಾಕ ಹೇಳಲಿಲ್ರಿ?"

ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು.

ಹುಡುಗಿ ಬದುಕಿದಳು, ದೇವರ ದಯೆ. ಮೂತ್ರಪಿಂಡಗಳು ತಮ್ಮ ಕೆಲಸವನ್ನು ಮುಕ್ಕಾಲು ಪಾಲು ಮತ್ತೆ ಹಿಡಿದವು. ಆದರೆ ಪಂದ್ಯದ ಸೈಕಲ್ಲನ್ನು ಮರೆಯಬೇಕೆಂದು ವೈದ್ಯರು ಹೇಳಿ ಕಳಿಸಿದರು.

ತಿಂಗಳಾದ ಮೇಲೆ ಮಾಸ್ತರರೂ ನಾನೂ ಆಲಮೇಲಕ್ಕೆ ಹೋದೆವು. ಸಿದ್ದವ್ವ ಬಾಗಿಲಲ್ಲೇ ನಿಲ್ಲಿಸಿ ಹಿಡಿಶಾಪ ಹಾಕುತ್ತಾಳೆಂದು ಮಾಸ್ತರರು ನಂಬಿದ್ದರು, ಹಾಕಲೆಂದು ಬಯಸಿಯೂ ಇದ್ದರು. ಸಿದ್ದವ್ವ ಹೊಲಿಗೆ ಯಂತ್ರದಿಂದೆದ್ದು ಚಾಪೆ ಹಾಸಿ, "ಬರ್ರಿ ಮಾಸ್ತರ್ರ, ಎಷ್ಟ ಸೊರಗೀರಿ" ಎಂದಳು. ಒಳಗಿನಿಂದ ಭಾಗ್ಯಜ್ಯೋತಿ ಗೋಡೆ ಹಿಡಿದುಕೊಂಡು ಬಂದಳು. ಕಾಲು ಸಣ್ಣಗಾಗಿದ್ದವು. ಕೂಡೆಂದರೂ ಕೂಡದೆ, ಗುರುಗಳ ಎದುರು ನಿಲ್ಲುವ ಹಾಗೆ ನೆಟ್ಟಗೆ ನಿಂತು, ತಲೆ ತಗ್ಗಿಸಿದಳು.

"ತಪ್ಪಾತ್ರಿ ಸರ್," ಎಂದಳು. "ನನ್ನ ಮೈ ತಡೀಲಿಲ್ರಿ. ನೀವು ಅಷ್ಟ ಕಷ್ಟಪಟ್ರಿ, ನಾ ನಿಮ್ಮ ಹೆಸರ ಕೆಡಿಸಿದ್ನಿ."

ಮರಳಿ ಬರುವಾಗ ಬಸ್ಸಿನಲ್ಲಿ ಕಾಸಿಂಸಾಬರು ಕಬ್ಬಿನ ಹೊಲಗಳ ಕಡೆ ಮುಖ ಮಾಡಿ, "ಚಪ್ಪಲಿ ತಗೊಂಡ ಹೊಡದಿದ್ರ ಚಲೋ ಇತ್ರಿ ಸರ" ಎಂದರು. ಮುಂದಿನ ವಾರ ಸ್ವಇಚ್ಛೆಯ ನಿವೃತ್ತಿಗೆ ಅರ್ಜಿ ಕೊಟ್ಟರು.

ಕೆಟ್ಟವರೆಂದು ತಳ್ಳಿಹಾಕುವ ಸುಖವನ್ನು ಇಂಥವರು ನಮಗೆ ಕೊಡುವುದಿಲ್ಲ. ಅವರು ಬೇಡುವುದೆಲ್ಲವನ್ನೂ ಮೊದಲು ತಮ್ಮ ಮೈಯಿಂದಲೇ ವಸೂಲು ಮಾಡಿಕೊಂಡಿರುತ್ತಾರೆ. ತಾವು ಸಹಿಸಿದ್ದನ್ನೇ ಪ್ರೀತಿಯೆಂದು ತಿಳಿದು, ಅದೇ ಪ್ರೀತಿಯನ್ನು ಮಕ್ಕಳಿಗೂ ಬಡಿಸುತ್ತಾರೆ. ಅವರ ಕೈಯಲ್ಲಿ ಬೆಳೆದ ಮಕ್ಕಳು ಧೈರ್ಯ ಕಲಿಯುತ್ತಾರೆ, ಶಿಸ್ತು ಕಲಿಯುತ್ತಾರೆ, ಋಣ ಮರೆಯದಿರುವುದನ್ನು ಕಲಿಯುತ್ತಾರೆ. ನೋಯುತ್ತಿದೆ ಎಂದು ಹೇಳುವುದೊಂದನ್ನು ಮಾತ್ರ ಕಲಿಯುವುದಿಲ್ಲ. ಹೇಳಲಾಗದ ಆ ನೋವಿಗೆ ಕೊನೆಗೆ ತಾವೇ ತಪ್ಪು ಒಪ್ಪಿಕೊಂಡು ನಿಲ್ಲುತ್ತಾರೆ.