ತಮ್ಮನ ಹಸುವಿಗೆ ಅಕ್ಕನ ಕೂಗು

ಲವೋನ್ ಜಾನುವಾರು ಹರಾಜಿಗೆ ಹೋಗಿದ್ದು ಎರಡು ಕರು ಕೊಳ್ಳಲೆಂದು. ಆದರೆ ಬಾಗಿಲು ತೆರೆದಾಗ ಅಂಕಣಕ್ಕೆ ಬಂದದ್ದು ತಮ್ಮ ಮೆರ್ಲ್‌ನ ಕೆಂಪು ಹಸು ರೂಬಿ. ತಬ್ಬಲಿ ಕರುವಾಗಿದ್ದಾಗ ಅವನೇ ಬಾಟಲಿ ಹಿಡಿದು ಹಾಲು ಕುಡಿಸಿ ಬೆಳೆಸಿದ್ದ. ಮಾಂಸದ ವ್ಯಾಪಾರಿಯೊಬ್ಬ ಬೆಲೆ ಕೂಗಿದ. ಲವೋನ್ ಹಿಂದೆಮುಂದೆ ನೋಡದೆ ಕೈಯೆತ್ತಿದಳು. ಆ ವ್ಯಾಪಾರಿ ಸುಸ್ತಾಗಿ ಕೂಗು ನಿಲ್ಲಿಸುವವರೆಗೂ ಇಳಿಸಲಿಲ್ಲ.

ಮೆರ್ಲ್ ಕ್ಯಾಂಟೀನಿನ ಮೂಲೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದ.

"ತಲೆ ನೆಟ್ಟಗಿದೆಯೇನೋ? ರೂಬೀನ ಯಾಕೋ ಮಾರ್ದೆ?"

"ನೀನ್ಯಾಕೆ ಬಂದೆ ಅಕ್ಕಾ ಇವತ್ತು?" ಮೆರ್ಲ್ ಮುಖ ತಗ್ಗಿಸಿದ. "ಟ್ಯಾಕ್ಸ್ ಕಟ್ಬೇಕು."

ಅಪ್ಪನ ಓಕ್ಲಹೋಮಾದ ಹೊಲದಡಿಯ ಕಚ್ಚಾ ಎಣ್ಣೆ ತೆಗೆಯುವ ಹಕ್ಕನ್ನು ಹಿಂದಿನ ವರ್ಷ ಮಾರಿದ್ದರು. ಹಕ್ಕು ಮೆರ್ಲ್‌ನ ಹೆಸರಿನಲ್ಲಿತ್ತು. ಬಂದ ಹಣವನ್ನು ಅವನು ಆ ವಾರವೇ ಮೂರು ಪಾಲು ಮಾಡಿ, ಲವೋನ್‌ಗೂ ಟಲ್ಸಾದಲ್ಲಿದ್ದ ತಂಗಿ ಐನಾಳಿಗೂ ಕೊಟ್ಟುಬಿಟ್ಟಿದ್ದ. ತೆರಿಗೆಯ ವಿಷಯ ಯಾರಿಗೂ ಹೊಳೆದಿರಲಿಲ್ಲ. ತೆರಿಗೆ ಕಟ್ಟಬೇಕಾದ ಏಪ್ರಿಲ್ ಹತ್ತಿರ ಬಂದಾಗ ಲೆಕ್ಕಪತ್ರ ನೋಡುವಾಕೆ ಮೆರ್ಲ್‌ಗೆ ಹೇಳಿದ್ದಳು: ಅಪ್ಪ ತೀರಿಕೊಂಡಾಗ ಇದ್ದ ಬೆಲೆ ಕಳೆದು, ಉಳಿದ ಲಾಭಕ್ಕೆಲ್ಲ ತೆರಿಗೆ ಬೀಳುತ್ತದೆ, ಅದೂ ನಿಮ್ಮ ಹೆಸರಿಗೇ.

"ನಮಗ್ಯಾಕೋ ಹೇಳ್ಲಿಲ್ಲ?"

"ನೀನು ಆಗ್ಲೇ ಮನೆಗೆ ಹೊಸ ಸೂರು ಹಾಕಿಸಿದ್ದೆ. ಐನಾ ಹಲ್ಲು ಕಟ್ಟಿಸ್ಕೊಂಡಿದ್ಲು. ಏನಂತ ಕೇಳ್ಲಿ? ಹಲ್ಲು ಬಿಚ್ಚಿ ವಾಪಸ್ ಕೊಡು ಅನ್ಲಾ?"

ಲವೋನ್‌ಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡು ಐನಾಳಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಐನಾಳ ದನಿ ಪಕ್ಕದ ಮೇಜಿನವರಿಗೂ ಕೇಳಿಸಿತು.

"ಅಪ್ಪನ ಎಣ್ಣೆ ಮೂವರಿಗೆ, ಟ್ಯಾಕ್ಸ್ ಇವನೊಬ್ಬನಿಗಾ? ನನ್ ಪಾಲಿಂದು ನಾನ್ ಕಳಿಸ್ತೀನಿ. ಮೊದ್ಲು ಅವನಿಗೆ ಫೋನ್ ಕೊಡು, ಸರಿಯಾಗಿ ಬೈಬೇಕು!"

ಮೆರ್ಲ್ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಓಡಿಹೋಗಿ, ಸರದಿಗೆ ಕಾದಿದ್ದ ತನ್ನ ಉಳಿದ ಹಸುಗಳನ್ನು ಹರಾಜಿನಿಂದ ಬಿಡಿಸಿಕೊಂಡ.

ಸಂಜೆ ಲವೋನ್ ರೂಬಿಯನ್ನು ಅವನ ಅಂಗಳದಲ್ಲೇ ಇಳಿಸಿ, ಮತ್ತೆ ಗಾಡಿ ಹತ್ತಿ ಎಂಜಿನ್ ಶುರುಮಾಡಿದಳು.

"ಹಸು ನಂದು, ದುಡ್ಡು ಕೊಟ್ಟಿದೀನಿ. ಮೇವು ನಿಂದು."

"ಇದ್ಯಾವ ನ್ಯಾಯ ಅಕ್ಕಾ?"

"ಹೇಳ್ದೆ ಮುಚ್ಚಿಟ್ಟಿದ್ದಕ್ಕೆ ದಂಡ."

ಮೆರ್ಲ್ ಹಸುವಿನ ಬೆನ್ನು ಸವರಿದ. "ಬೀನ್ಸ್ ಬೇಯಿಸಿದೀನಿ. ಊಟ ಮಾಡ್ಕೊಂಡ್ ಹೋಗು."

"ನೀನು ಬೇಯಿಸಿದ್ದಾ? ದೇವರೇ ಕಾಪಾಡ್ಬೇಕು," ಎನ್ನುತ್ತಲೇ ಲವೋನ್ ಗಾಡಿಯ ಎಂಜಿನ್ ಆರಿಸಿ ಕೆಳಗಿಳಿದಳು.