ಹಿಂದ್ಯಾರು?

ಮಕ್ಕಳ ಕಾರ್ಟೂನ್ ಸಿನಿಮಾಕ್ಕೆ ಹಾಡು ಬರೆಯುವುದು ಮಕ್ಕಳಾಟ ಎಂದುಕೊಂಡವರು ಒಂದು ಬರೆದು ನೋಡಲಿ. ಹಿಂಡು ತಪ್ಪಿದ ಕುರಿಮರಿಯ ಕತೆ ಅದು. ಏಳು ಸಲ ಬರೆದುಕೊಟ್ಟೆ. ಏಳು ಸಲವೂ ನಿರ್ದೇಶಕ, "ಕೇಳಿದ ತಕ್ಷಣ ಮಕ್ಕಳ ಬಾಯಲ್ಲಿ ಕೂರಬೇಕು ಮೇಡಂ" ಎಂದು ಹಲ್ಲು ಕಿರಿದ. ಎಂಟನೇ ಸಲ ತಲೆಕೆಟ್ಟು ನಮ್ಮ ಹಟ್ಟಿಯ ಕೂಗನ್ನೇ ಬರೆದು ಅವನ ಮುಖಕ್ಕೆ ಹಿಡಿದೆ.

"ಹಿಂದ್ಯಾರು?"

"ನಾನೈದೀನಿ!"

ರಾಂಪುರದ ಆಚೆಗಿನ ನಮ್ಮ ಹಟ್ಟಿಯಲ್ಲಿ ಕುರಿ ಹೊಡೆದುಕೊಂಡು ಬರುವ ಕ್ರಮವೇ ಹೀಗೆ. ಒಬ್ಬರು ಮುಂದೆ, ಒಬ್ಬರು ಹಿಂದೆ. ಮುಂದಿನವರು ತಿರುಗಿದರೆ ಹಿಂಡೆಲ್ಲ ನಿಂತುಬಿಡುತ್ತದೆ, ಅದಕ್ಕೆ ನಡೆಯುತ್ತಲೇ ಕೂಗುತ್ತಾರೆ. ಹಿಂದಿನಿಂದ ಉತ್ತರ ಬಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಬರದಿದ್ದರೆ ಮಾತ್ರ ತಿರುಗಿ ನೋಡಬೇಕು.

ನಿರ್ದೇಶಕ ಕುಣಿದಾಡಿಬಿಟ್ಟ. ಆ ಉತ್ತರ ಹೇಗಿರಬೇಕೆಂದು ತೋರಿಸಲು ನಾನೇ ಎಳೆಯ ದನಿ ಮಾಡಿ ಹಾಡಿದ್ದೆ. ಆಮೇಲೆ ಆರು ಮಕ್ಕಳ ಕೈಲಿ ಹಾಡಿಸಿದರೂ ಒಂದೂ ಹಿಡಿಸದೆ ನನ್ನದನ್ನೇ ಉಳಿಸಿಕೊಂಡರು. "ಈ ಹುಡುಗನ ದನಿ ನಿಮ್ಮ ಗಂಟಲಿಗೆ ಎಲ್ಲಿಂದ ಬಂತು?" ಎಂದು ನಿರ್ದೇಶಕ ಕೇಳಿದ. ಏನೋ ಹೇಳಿ ನಕ್ಕೆ. ಅದು ನನ್ನ ತಮ್ಮ ಬಾಲರಾಜನ ದನಿ. ಅವನು ಸತ್ತು ಇಪ್ಪತ್ತೆರಡು ವರ್ಷವಾಗಿತ್ತು.

ಆಗ ಅವನಿಗೆ ಎಂಟು, ನನಗೆ ಹತ್ತು. ಅವ್ವ ಹಿಂಡಿನ ಮುಂದೆ, ನಾವಿಬ್ಬರು ಹಿಂದೆ. ಉತ್ತರ ಕೊಡುವ ಕೆಲಸ ಅವನದು. ಮಳೆ ಬಂದು ಹೋಗಿ, ಹಳ್ಳದಲ್ಲಿ ಮರಳು ತೆಗೆದ ಗುಂಡಿಗಳ ತುಂಬ ನೀರು ನಿಂತಿತ್ತು. "ಒಂದು ಮುಳುಗು ಹಾಕಿ ಓಡಿ ಬರ್ತೀನಿ. ಅವ್ವ ಕೂಗಿದ್ರೆ ನೀನೇ ನನ್ನಂಗೆ ಉತ್ರ ಕೊಡು" ಎಂದ. ಅವ್ವ ಮೂರು ಸಲ ಕೂಗಿದಳು. ಮೂರು ಸಲವೂ ಅವನ ದನಿಯಲ್ಲಿ ನಾನು ಉತ್ತರ ಕೊಟ್ಟೆ. ಅವನು ಬರಲೇ ಇಲ್ಲ. ಬೈಗುಳಕ್ಕೆ ಹೆದರಿ, ಹೊಲ ಹಾಯ್ದು ಅವ್ವನಿಗಿಂತ ಮೊದಲೇ ಕುರಿದೊಡ್ಡಿ ಸೇರಿ ಮುಳ್ಳುಬೇಲಿ ತೆಗೆದು ನಿಂತೆ. ಅವನನ್ನು ಗುಂಡಿಯಿಂದ ಎತ್ತಿ ತಂದಾಗ ಹೊತ್ತು ಮುಳುಗಿತ್ತು. ಉತ್ತರ ಕೊಟ್ಟವಳು ನಾನೆಂದು ಅಂದಿನಿಂದ ಯಾರಿಗೂ ಹೇಳಿರಲಿಲ್ಲ.

ಅಂಥ ಕೂಗನ್ನು ಹಾಡಿಗೆ ಹಾಕಿದೆಯಲ್ಲ, ನಿನಗೆ ಬುದ್ಧಿ ಎಲ್ಲಿತ್ತು ಎಂದು ನೀವು ಕೇಳಬಹುದು. ನಾನೂ ದಿನಾ ಅದನ್ನೇ ಕೇಳಿಕೊಳ್ಳುತ್ತೇನೆ.

ಹಾಡು ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಚಳ್ಳಕೆರೆಗೆ ಬಂದಿಳಿದರೆ, ಎಣ್ಣೆ ಮಿಲ್ಲಿನ ಮುಂದೆ ನಿಂತ ಆಟೋದೊಳಗಿಂದ ನನ್ನ ತಮ್ಮ ಕೂಗಿದ. ಶಾಲೆಯ ಮೈಕಿನಲ್ಲಿ ಕೂಗಿದ. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನ ಮಗು ಹಿಡಿದಿದ್ದ ಮೊಬೈಲಿನಿಂದಲೂ ಕೂಗಿದ. ಅದು ನನ್ನದೇ ದನಿ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು. ಬರಬರುತ್ತಾ ಹೇಳಿಕೊಂಡರೂ ನಂಬಿಕೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅವ್ವ ಫೋನು ಮಾಡಿ, "ನಿನ್ ಸಿನ್ಮಾ ತೋರ್ಸು" ಎಂದಳು. ಅವ್ವ ಆ ದನಿಯ ಗುರುತು ಹಿಡಿದರೆ ಎಲ್ಲ ಹೊರಗೆ ಬರುತ್ತದೆ, ಆಮೇಲೆ ನಾನು ಅವಳಿಗೆ ಮಗಳಾಗಿ ಉಳಿಯುವುದಿಲ್ಲ. ಬೇರೇನಕ್ಕೂ ನಾನು ಅಷ್ಟು ಹೆದರಿದವಳಲ್ಲ.

ಚಳ್ಳಕೆರೆಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟ. ಹಾಡು ಬಂದದ್ದೇ ತಡ, ಮಕ್ಕಳೆಲ್ಲ ಎದ್ದು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ಕುಣಿಯತೊಡಗಿದವು. ಪರದೆಯಿಂದ ಬಾಲು ಉತ್ತರ ಕೊಟ್ಟ. ಮಂಡಕ್ಕಿ ತಿನ್ನುತ್ತಿದ್ದ ಅವ್ವನ ಕೈ ನಿಂತಿತು. ಅವಳು ಪರದೆ ನೋಡಲಿಲ್ಲ. ಕತ್ತು ತಿರುಗಿಸಿ, ನಮ್ಮ ಹಿಂದಿನ ಖಾಲಿ ಸೀಟುಗಳನ್ನು ಹಾಡು ಮುಗಿಯುವವರೆಗೂ ನೋಡುತ್ತಾ ಕೂತಳು.

ಹಟ್ಟಿಗೆ ವಾಪಸು ಹೋಗುವಾಗ ಬಳ್ಳಾರಿ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಅವ್ವ, ಅವತ್ತು ಹಿಂದಿಂದ ಉತ್ರ ಕೊಟ್ಟಿದ್ದು ನಾನು. ಬಾಲು ಅಲ್ಲ."

"ಗೊತ್ತು," ಎಂದಳು ಅವ್ವ. "ಹೆತ್ತೋಳಿಗೆ ದನಿ ಗೊತ್ತಾಗಲ್ವಾ? ಎರಡೂ ಸೇರ್ಕಂಡು ಆಟ ಆಡ್ತಾವೆ ಅಂದ್ಕಂಡೆ. ಹತ್ತು ವರ್ಸದ ಕೂಸು ನೀನು, ನಿನ್ನ ಏನಂತ ಬೈಲಿ."

ಇಪ್ಪತ್ತೆರಡು ವರ್ಷ ಹೊತ್ತಿದ್ದು ಇಷ್ಟೇನಾ ಎಂದು ಅಳು ಬಂತು. ಜನರ ಮುಂದೆ ನಾಚಿಕೆಯಿಲ್ಲದೆ ಅತ್ತೆ. ಅವ್ವ ಕಿಟಕಿಯಾಚೆ ನೋಡುತ್ತಿದ್ದಳು.

"ದೊಡ್ಡಿ ಮುಂದೆ ನಾಕ್ನೇ ಸಲ ಕೂಗಿದ್ನಲ್ಲ, ಆಗ ನೀನು ನನ್ ಎದ್ರಿಗೇ ಬೇಲಿ ಹಿಡ್ಕಂಡು ನಿಂತಿದ್ದಿ. ಬಾಯಿ ಬಿಡ್ಲಿಲ್ಲ. ಆದ್ರೂ ಹಿಂದಿಂದ ಉತ್ರ ಬಂತು. ಅದು ಬಾಲೂನೇ."

ನನ್ನ ಅಳು ನಿಂತುಹೋಯಿತು.

"ಅವತ್ತಿಂದ ದಿನಾ ಕೊಡ್ತಿದ್ದ. ಕುರಿ ಮಾರಿದ ಮ್ಯಾಲೂ, ಕೂಲಿ ಮುಗ್ಸಿ ಬರೋವಾಗ ಕೂಗ್ತಿದ್ದೆ. ಒಂದಿನಾನೂ ತಪ್ಪಿಸಿದೋನಲ್ಲ. ಅದ್ಕೇ ಬದುಕಿದೀನಿ ನಾನು."

ಬಸ್ಸು ತಳಕು ದಾಟಿತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ನಿನ್ ಹಾಡು ಬಂದಾಗಿಂದ ಇಲ್ಲ," ಎಂದಳು. "ಕೂಗ್ತೀನಿ, ನಿಂತ್ಕಂಡು ಕಾಯ್ತೀನಿ. ತಿರುಗಿನೂ ನೋಡ್ದೆ. ಬರೀ ದಾರಿ ಐತೆ."

ಅವಳ ಕೈ ಹಿಡಿದುಕೊಂಡೆ. ಅವ್ವ ಮೆಲ್ಲಗೆ ಬಿಡಿಸಿಕೊಂಡಳು.

"ಮತ್ತೆ ನೀನೇ ಉತ್ರ ಕೊಟ್ಯಲ್ಲೇ ಸ್ವಪ್ನ," ಎಂದಳು. "ಇನ್ನು ಅವನ್ಯಾಕೆ ಬರ್ತಾನೆ."